ಬಸುರಿ ಕುರ್ಚಿಯ ಬಾಯಾರು

ನಮ್ಮ ಪುಟ್ಟವ್ವ ಮೊನ್ನೆ ರವಿವಾರ ತಾನಾಗಿಯೇ ಕುರ್ಚಿ ಹತ್ತಿ ಕೂತಳು. ನನ್ನ ಮೊಮ್ಮಗಳು! ಮೊದಲು ಹೊಟ್ಟೆ ಆನಿಸಿದಳು, ಆಮೇಲೆ ಒಂದು ಕಾಲು ಮೇಲೆ ಎಸೆದಳು, ಅದು ಜಾರಿತು, ಮತ್ತೆ ಎಸೆದಳು. ಕೊನೆಗೆ ಉಸ್ಸಪ್ಪಾ ಎಂದು ತಿರುಗಿ ಕೂತು, ವಾಡೆಯ ದೇಸಾಯರ ಹಾಗೆ ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು. ನಾನು ಚಪ್ಪಾಳೆ ತಟ್ಟಿದ ಸದ್ದಿಗೆ ಅವಳೇ ಬೆಚ್ಚಿಬಿದ್ದಳು. ಹುಬ್ಬಳ್ಳಿಗೆ ಫೋನ್ ಮಾಡಿ ಅವಳ ಅಜ್ಜನಿಗೆ ಹೇಳಿದೆ, ನನ್ನ ತಂಗಿಗೆ ಹೇಳಿದೆ, ಅಲ್ಲಿ ನಮ್ಮ ಮನೆಗೆ ಹಾಲು ತರುವ ಗಂಗವ್ವನಿಗೂ ಹೇಳಿದೆ. ಎಲ್ಲರಿಗೂ ಹೇಳಿ ಮುಗಿದ ಮೇಲೆ, ಹೇಳಲೇಬೇಕಾದ ಒಬ್ಬರು ಉಳಿದೇಹೋದರಲ್ಲ ಅನ್ನಿಸಿತು. ಅವರು ಚಳಿಗಾಲದಲ್ಲೇ ತೀರಿಕೊಂಡರು. ಪುಟ್ಟವ್ವ ಹತ್ತಿ ಕೂತದ್ದು ಅವರ ಕುರ್ಚಿ. ಅವರು ನೆನಪಾದರೆ ನನಗೆ ದುಃಖಕ್ಕಿಂತ ಮೊದಲು ನಾಚಿಕೆ ಬರುತ್ತದೆ.

ಅವರು ಇಂಗ್ಲಿಷರ ದೇಶದ ಈ ಕೊವೆಂಟ್ರಿಯಲ್ಲಿ ನನ್ನ ಮಗಳ ಪಕ್ಕದ ಮನೆಯವರು. ಹುಟ್ಟಿದ್ದು ಫ್ರಾನ್ಸಿನಲ್ಲಿ. ಇಲ್ಲಿಯ ಕಾರು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವರನ್ನು ಮದುವೆಯಾಗಿ ಬಂದವರು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇಲ್ಲಿಯ ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದರಂತೆ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಬಾಯಾರು ಅನ್ನುತ್ತೇವೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಬಾಯಾರು ಎಂದರೆ ಈ ವಯಸ್ಸಿನಲ್ಲೂ ಸೆರಗು ಸರಿ ಮಾಡಿಕೊಳ್ಳುತ್ತೇನೆ. ಹಾಗಾಗಿ ಅವರು ನನಗೆ ಮೊದಲ ದಿನದಿಂದಲೇ ಬಾಯಾರು.

ನಮ್ಮ ಅಳಿಯಂದಿರು ಮೈಸೂರಿನವರು. ನಾನು ಹಿತ್ತಲಲ್ಲಿ ನಿಂತು "ಬಾಯಾರ, ಬಾಯಾರ" ಎಂದು ಕರೆಯುತ್ತಿದ್ದರೆ ಪಾಪ, ಒಳಗಿನಿಂದ ಒಂದು ಗ್ಲಾಸು ನೀರು ಹಿಡಿದುಕೊಂಡು ಓಡಿ ಬಂದರು.

"ಏನತ್ತೆ, ಇಷ್ಟೊಂದು ಬಾಯಾರಿದ್ಯಾ? ತಗೊಳ್ಳಿ, ಕುಡೀರಿ."

ಮಗಳು ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬೇಲಿಯಾಚೆಯಿದ್ದ ಬಾಯಾರಿಗೆ ಯಾಕೆ ನಗುತ್ತಿದ್ದೇವೆಂದು ತಿಳಿಯಬೇಕಿತ್ತು. ತಿಳಿದ ಮೇಲೆ ನಮ್ಮ ಅಳಿಯಂದಿರನ್ನು ಕಂಡಾಗಲೆಲ್ಲ ಕೈಯನ್ನು ಲೋಟದ ಹಾಗೆ ಮಾಡಿ ಬಾಯಿಗೆ ಹಿಡಿಯುತ್ತಿದ್ದರು.

ನನಗೆ ಇಂಗ್ಲಿಷ್ ಬರುವುದಿಲ್ಲ. ಅದನ್ನು ಮಗಳು ಹೇಳಿದಾಗ ಬಾಯಾರು ಪೇಚಾಡಲಿಲ್ಲ, ಖುಷಿಯಾದರು. ಮಗಳು ನನಗೆ ತಿಳಿಸಿದಳು: "ಯವ್ವಾ, ಹೆಂಗಿದ್ರೂ ನಿನಗ ತಿಳಿಯೂದಿಲ್ಲ ಅಂದಮ್ಯಾಲ ತಾವು ಫ್ರೆಂಚಿನ್ಯಾಗ ಮಾತಾಡ್ತಾರಂತ. ಇಂಗ್ಲಿಷ್ ಮಾತಾಡಿ ಮಾತಾಡಿ ಅವರ ಬಾಯಿ ದಣದೈತಂತ." ಅಂದಿನಿಂದ ಅವರದು ಫ್ರೆಂಚು, ನನ್ನದು ಗದಗಿನ ಕಡೆಯ ಕನ್ನಡ. ನಾನು ಬದನೆಕಾಯಿ ಹೇಳಿದರೆ ಅವರು ಗಂಡನ ವಿಷಯ ಹೇಳುತ್ತಿದ್ದರೋ ಏನೋ. ಇಬ್ಬರೂ ಹೂಂ ಹೂಂ ಅನ್ನುತ್ತಿದ್ದೆವು. ಎಂದೂ ಜಗಳ ಬರಲಿಲ್ಲ. ನಿಜವಾಗಿ ತಿಳಿಯಬೇಕಾದ ಮಾತಿದ್ದರೆ ಶನಿವಾರ ಚಹಾದ ಹೊತ್ತಿಗೆ ಮಗಳ ಬಾಯಿಂದ ಬರುತ್ತಿತ್ತು.

ಆದರೂ ಅವರು ಬಾಯಾರಲ್ಲವೇ, ಕಲಿಯದೆ ಬಿಡಲಿಲ್ಲ. ಬರ್ರಿ, ಕೂಡ್ರಿ, ಚಲೋ, ಸಾಕು, ಇಷ್ಟನ್ನು ಮೊದಲ ವಾರದಲ್ಲೇ ಕಲಿತರು. ಆಮೇಲೆ ಮಗಳನ್ನು ಹಿಡಿದು ಕೂರಿಸಿದರು. ಕೂಡ್ರಿ ಎಂದರೆ ಹೇಳಿದ ಹಾಗಾಯಿತು, ಕೇಳಬೇಕಾದರೆ ಏನನ್ನಬೇಕು? "ಕೂಡ್ರಲೇನ್ರಿ ಅನಬೇಕು" ಎಂದಳು ಮಗಳು. ಅವರು ಅದನ್ನು ನಾಲಿಗೆ ಹೊರಳಿಸಿ ಹೊರಳಿಸಿ ಪಾಠ ಮಾಡಿಕೊಂಡರು. ನನಗೆ ಸಂಕೋಚ. "ನೀವ್ಯಾಕ ಕೇಳಬೇಕ್ರಿ ಬಾಯಾರ? ಎಲ್ಲಿ ಬೇಕಲ್ಲಿ ಕೂಡ್ರಿ" ಎಂದೆ. ಎಂಥ ದೊಡ್ಡ ಮಾತು ಆಡಿದೆ ನೋಡಿ.

ಅವರಿಗೆ ಒಂದು ಚಟವಿತ್ತು. ಯಾರ ಮನೆಗೆ ಹೋದರೂ ಅಲ್ಲಿಯ ಕುರ್ಚಿಯನ್ನು ಬೋರಲು ಹಾಕಿ ಅದರ ತಳ ನೋಡುವುದು. ನಾವು ದನ ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುವುದಿಲ್ಲವೇ, ಹಾಗೆ. ನಮ್ಮ ಊಟದ ಮೇಜಿನ ಕುರ್ಚಿಯನ್ನು ಹಾಗೆ ತಿರುವಿ, ಅಯ್ಯೋ ಪಾಪ ಎನ್ನುವ ಹಾಗೆ ಅದರ ಕಾಲನ್ನು ಸವರಿದರು. ಅಳಿಯಂದಿರಿಗೆ ಮುಖ ಸಣ್ಣದಾಯಿತು, ಅವರೇ ಸ್ಕ್ರೂ ಹಾಕಿ ಜೋಡಿಸಿದ್ದು ಅದು. ಅಳಿಯಂದಿರು ಕುರ್ಚಿಯ ಅಂಚಿನಲ್ಲಿ ಕೂರುತ್ತಿದ್ದುದಕ್ಕೂ ಬೈಸಿಕೊಂಡರು. "ಹಲ್ಲಿನ ಡಾಕ್ಟರ ಕಡೆ ಕುಂತಂಗ ಕುಂದ್ರತಾರ ನಿನ್ನ ಗಂಡ" ಎಂದು ಬಾಯಾರು ಮಗಳಿಗೆ ಹೇಳಿದರಂತೆ.

ಇನ್ನೊಮ್ಮೆ ಯಾರೋ ರಸ್ತೆಗೆ ಎಸೆದ ಒಂದು ಕುರ್ಚಿಯನ್ನು ಎತ್ತಿಕೊಂಡು ಬಸ್ಸು ಹತ್ತಿದರು. ಡ್ರೈವರ್ ಆಗುವುದಿಲ್ಲ ಎಂದ. ಬಾಯಾರು ಅದನ್ನು ಅವನ ಪಕ್ಕದಲ್ಲೇ ಇಟ್ಟು ಅದರ ಮೇಲೆಯೇ ಕೂತು, ಈಗ ಇದು ಸಾಮಾನಲ್ಲ, ನನ್ನ ಸೀಟು ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು, ಡ್ರೈವರ್ ಬಸ್ ಬಿಟ್ಟ. ಮಗಳು ಅದೇ ಬಸ್ಸಿನಲ್ಲಿದ್ದಳು, ನನ್ನ ಪರಿಚಯದವರಲ್ಲ ಎನ್ನುವಂತೆ ಕಿಟಕಿಯ ಕಡೆ ಮುಖ ಮಾಡಿದ್ದಳಂತೆ.

ಮನೆ ತುಂಬ ಕುರ್ಚಿಗಳಿದ್ದರೂ ಅವರ ಜೀವವಿದ್ದದ್ದು ಒಂದರ ಮೇಲೆ. ಹಾಲಿನ ಕೆನೆಯ ಬಣ್ಣ. ಎಳೆ ಕುರಿಮರಿಯ ಮೈಯಂಥ ಗುಂಗುರು ಉಣ್ಣೆ. ಕೆಳಗೆ ನಾಲ್ಕು ಗಿಡ್ಡ ಕಾಲು, ಆಗಷ್ಟೇ ಎದ್ದು ನಿಂತ ಕರುವಿನದರ ಹಾಗೆ ಅಗಲಿಸಿಕೊಂಡಿದ್ದವು. ಬೆನ್ನು ಎಲ್ಲಿ ಮುಗಿಯಿತು, ತೋಳು ಎಲ್ಲಿ ಶುರುವಾಯಿತು ಎಂದು ಹೇಳಲು ಬರುತ್ತಿರಲಿಲ್ಲ. ಎಲ್ಲ ಒಂದೇ ಉಬ್ಬು, ಒಂದೇ ಬಾಗು. ಮೊದಲ ಸಲ ನೋಡಿದಾಗ ನನ್ನ ಬಾಯಿಂದ ಬಂದದ್ದು, "ಇದೇನವ್ವಾ, ಕುರ್ಚಿ ಬಸುರಾಗೇತಿ!" ಮಗಳು ಹೇಳಬಾರದಿತ್ತು, ಹೇಳಿಬಿಟ್ಟಳು. ಬಾಯಾರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅಂದಿನಿಂದ ಅದರ ಹೆಸರೇ ಬಸುರಿ ಕುರ್ಚಿ.

ಅದರ ಕಥೆ ಅವರು ಹೇಳಿದ್ದು ಇಷ್ಟು. ಅವರದು ಸಮುದ್ರದ ದಂಡೆಯ ಊರು. ದೊಡ್ಡ ಯುದ್ಧದಲ್ಲಿ ಬಾಂಬು ಬಿದ್ದು ಊರು ನೆಲಸಮವಾಯಿತು. ಇವರು ಚಿಕ್ಕ ಹುಡುಗಿ. ವರ್ಷಗಟ್ಟಲೆ ತಗಡಿನ ಶೆಡ್ಡಿನಲ್ಲಿದ್ದರು, ಕೂರಲು ಹಣ್ಣಿನ ಪೆಟ್ಟಿಗೆಗಳು. ಆಮೇಲೆ ಸರಕಾರ ಸಿಮೆಂಟಿನ ಹೊಸ ಮನೆ ಕಟ್ಟಿಕೊಟ್ಟಿತು. ಆ ಕಾಲಕ್ಕೆ ಅವರ ದೇಶದಲ್ಲಿ ಕುರ್ಚಿ ಮಾಡುವವರಲ್ಲಿ ಎರಡು ಪಂಗಡವಿತ್ತಂತೆ. ಒಬ್ಬರು, ತಗಡು ಬಗ್ಗಿಸಿ, ತೆಳು ಹಲಗೆ ಬಗ್ಗಿಸಿ, ಶಾಲೆ ಆಸ್ಪತ್ರೆಗಳಿಗೆಲ್ಲ ಬೇಗ ಬೇಗ ಮಾಡಿ ಹಾಕೋಣ ಎನ್ನುವವರು. ಇನ್ನೊಬ್ಬರು, ಚೂಪು ಕಬ್ಬಿಣ ನೋಡಿ ಜನ ಸಾಕಾಗಿದ್ದಾರೆ, ಮೂಲೆಯೇ ಇಲ್ಲದ ಕುರ್ಚಿ ಮಾಡೋಣ ಎನ್ನುವವರು. ಅವರ ಅವ್ವ ಹೊಸ ಮನೆಗೆ ಎಲ್ಲಕ್ಕಿಂತ ಮೊದಲು ಕೊಂಡದ್ದು ಎರಡನೆಯವರು ಮಾಡಿದ ಈ ಕುರ್ಚಿ. ಮಂಚ ಕೂಡ ಆಮೇಲೆ ಬಂತಂತೆ.

ಅವರ ಮನೆಯಲ್ಲಿ ನಾನು ನೆಲದ ಮೇಲೆ ಕೂರುತ್ತಿದ್ದೆ. ಬಾಯಾರ ಎದುರು ಕುರ್ಚಿಯಲ್ಲಿ ಕೂರುವುದೆಂದರೇನು? ಅವರು ಬಿಡುತ್ತಿರಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿ, "ಕೂಡ್ರಿ, ಕೂಡ್ರಿ" ಎಂದು ಬಸುರಿ ಕುರ್ಚಿಗೆ ನೂಕುತ್ತಿದ್ದರು. ಒಮ್ಮೆ ಕೂತೆ. ಯಾರೋ ಹಿಂದಿನಿಂದ ಬಂದು ಎರಡೂ ತೋಳಲ್ಲಿ ತಬ್ಬಿದ ಹಾಗಾಯಿತು. ನನ್ನನ್ನು ಹಾಗೆ ತಬ್ಬಿದವರು ಯಾರೂ ನೆನಪಾಗಲಿಲ್ಲ. ದಿಗ್ಗನೆ ಎದ್ದುಬಿಟ್ಟೆ.

ಇನ್ನೊಂದು ಮಾತು ಹೇಳಿದ್ದರು. ಹಿಂದೊಮ್ಮೆ ಯಾವುದೋ ಮ್ಯೂಸಿಯಂನವರು ಪ್ರದರ್ಶನಕ್ಕೆಂದು ಈ ಕುರ್ಚಿಯನ್ನು ಕೇಳಿ ಒಯ್ದಿದ್ದರು. ಬಾಯಾರು ನೋಡಲು ಹೋದರೆ ಅದರ ಸುತ್ತ ಹಗ್ಗ ಕಟ್ಟಿದ್ದರಂತೆ. ಇವರು ಹಗ್ಗ ದಾಟಿ ಹೋಗಿ ಕೂತರು. ಕಾವಲುಗಾರ ಬಂದು ಎಬ್ಬಿಸಿದ. ನನ್ನದೇ ಕುರ್ಚಿ ಎಂದರೂ ಕೇಳಲಿಲ್ಲ. ಮಗಳು ಇದನ್ನು ಚೆನ್ನಾಗಿಯೇ ಬಿಡಿಸಿ ಹೇಳಿದ್ದಳು. ಆದರೆ ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು: ಮ್ಯೂಸಿಯಂನಲ್ಲಿ ಇಟ್ಟಿದ್ದ ಕುರ್ಚಿ! ಅವರು ಹೇಳಿದ್ದು ದೂರು, ನಾನು ಕೇಳಿಸಿಕೊಂಡದ್ದು ಬಿರುದು. ನನ್ನ ಮುಂದಿನ ಹುಚ್ಚಾಟಕ್ಕೆಲ್ಲ ಅದೇ ಮೂಲ.

ನಾನು ಎರಡನೇ ಸಲ ಬಂದದ್ದು ಮಗಳ ಬಾಣಂತನಕ್ಕೆ. ಅಷ್ಟರಲ್ಲಿ ಬಾಯಾರ ಮೊಣಕಾಲು ಹೋಗಿತ್ತು. ಮನೆ ಬಿಟ್ಟು, ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮಿಗೆ ಹೊರಟಿದ್ದರು. ಅಲ್ಲಿಯವರು ಬಸುರಿ ಕುರ್ಚಿಗೆ ಜಾಗ ಕೊಡುವುದಿಲ್ಲ ಎಂದರು. ಬೆಂಕಿ ಹಿಡಿಯುವುದಿಲ್ಲ ಎಂಬ ಚೀಟಿ ಕುರ್ಚಿಯ ತಳದಲ್ಲಿ ಹೊಲಿದಿರಬೇಕಂತೆ. ಅಷ್ಟು ಹಳೆಯ ಕುರ್ಚಿಗೆ ಅದೆಲ್ಲಿಂದ ಬರಬೇಕು? ಕೊಳ್ಳುವವರು ಬಂದರು, ಫೋಟೋ ತೆಗೆದುಕೊಂಡು ಹೋದರು. ಬಾಯಾರು ಯಾರಿಗೂ ಕೊಡಲಿಲ್ಲ. ಕೊಂಡವರು ಮತ್ತೆ ಹಗ್ಗ ಕಟ್ಟುತ್ತಾರೆ ಎಂಬುದೇ ಅವರ ಚಿಂತೆ. ಒಂದು ದಿನ ನಮ್ಮ ಅಳಿಯಂದಿರನ್ನು ಕರೆದು, ಎತ್ತಿ, ಒಯ್ಯಿರಿ ಎಂದರು. ತುಂಬು ಬಸುರಿಯಾಗಿದ್ದ ನನ್ನ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ಹೇಳಿದ್ದನ್ನು ಅವಳೇ ನನಗೆ ತಿಳಿಸಿದಳು: "ಇದರಾಗ ಕೂತು ಕೂಸಿಗೆ ಹಾಲು ಕುಡಸು. ದಿನಾ ಯಾರಾದ್ರೂ ಕೂಡ್ರಬೇಕು. ಬ್ಯಾರೆ ಏನೂ ಬ್ಯಾಡ." ಇಷ್ಟೇ ಅವರು ಕೇಳಿದ್ದು.

ಪುಟ್ಟವ್ವ ಹುಟ್ಟಿದಳು. ಮೂಗು ನನ್ನ ಹಾಗೆ. ಯಾರು ಏನೇ ಹೇಳಲಿ, ನನ್ನದೇ ಮೂಗು. ಆ ಖುಷಿಯಲ್ಲಿ ನಾನು ನೆಲದ ಮೇಲೆ ನಡೆಯಲಿಲ್ಲ. ದಿನವೂ ಎಣ್ಣೆ, ಅರಿಷಿಣ, ಬಿಸಿನೀರು, ಲೋಬಾನದ ಹೊಗೆ. ಹೊಗೆಗೆ ಮನೆಯ ಅಲಾರಾಂ ಕೂಗಿಕೊಂಡು ಅಳಿಯಂದಿರು ದಿನಾ ಅದರ ಕೆಳಗೆ ನಿಂತು ಟವೆಲ್ ಬೀಸುತ್ತಿದ್ದರು. ಇಂಥ ಮನೆಯಲ್ಲಿ ಆ ಬಿಳಿ ಕುರ್ಚಿ! ಮೈ ತುಂಬ ಎಣ್ಣೆಯ ಬಾಣಂತಿ, ಕೈ ತುಂಬ ಅರಿಷಿಣದ ನಾನು. ಬಾಯಾರ ವಸ್ತು, ಮ್ಯೂಸಿಯಂನ ಮರ್ಯಾದೆ ಕಂಡ ವಸ್ತು, ನಮ್ಮ ಕೈಯಲ್ಲಿ ಹಾಳಾಗಬಾರದು ಎಂದು ನಿರ್ಧರಿಸಿದೆ. ಹೊಸ ಗಾದಿಗೆ ಬಂದಿದ್ದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಅದಕ್ಕೆ ಸುತ್ತಿ, ಸುತ್ತಲೂ ಟೇಪು ಹಚ್ಚಿ, ಮೇಲೆ ನನ್ನ ಇಳಕಲ್ ಸೀರೆಯೊಂದನ್ನು ಹೊದಿಸಿದೆ. ನಮ್ಮ ಮನೆಯಲ್ಲಿ ಟಿವಿಗೆ ಮುಸುಕು, ರಿಮೋಟಿಗೆ ಪ್ಲಾಸ್ಟಿಕ್ಕು, ಸೋಫಾಕ್ಕೆ ಬಂದ ಹೊದಿಕೆ ಹರಿದು ಹೋಗುವವರೆಗೂ ಅದರ ಮೇಲೆಯೇ. ಪ್ರೀತಿ ಎಂದರೆ ಮುಚ್ಚಿಡುವುದು ಎಂದು ತಿಳಿದು ಬೆಳೆದವಳು ನಾನು.

ಮಗಳು ಮಂಚದ ಮೇಲೆ ದಿಂಬು ಒಟ್ಟಿಕೊಂಡು ಹಾಲು ಕುಡಿಸುತ್ತಿದ್ದಳು.

"ಯವ್ವಾ, ಬೆನ್ನ ಹರಿಯಾಕತ್ತೈತಿ. ಆ ಕುರ್ಚಿ ಬಿಚ್ಚ ಬೇ."

"ಸುಮ್ನಿರವ್ವಾ, ನಿನ್ನ ಎಣ್ಣಿ ಮೈ ಒಂದೀಟು ಆರ್ಲಿ. ಮಂದಿ ವಸ್ತು ಅದು."

"ಮಂದೀದಲ್ಲ, ನಮಗ ಕೊಟ್ಟಾರ."

"ಕೊಟ್ರ ಹಾಳ ಮಾಡಬೇಕಂತೇನು?"

ತೊಟ್ಟಿಲ ಕಾರ್ಯಕ್ಕೆ ಕನ್ನಡದವರೆಲ್ಲ ಬಂದರು. ಲಫ್‌ಬರೋದಿಂದ ಓದುವ ಹುಡುಗಿಯರು, ಮ್ಯಾಕಲ್ಸ್‌ಫೀಲ್ಡಿನಿಂದ ಔಷಧಿ ಕಾರ್ಖಾನೆಯ ಒಂದು ಸಂಸಾರ. ನನಗೆ ಮೊಮ್ಮಗಳನ್ನು ತೋರಿಸುವ ಸಂಭ್ರಮ ಒಂದು ಕಡೆ, ಕುರ್ಚಿ ತೋರಿಸುವ ಜಂಬ ಇನ್ನೊಂದು ಕಡೆ. ಕೇಳಿದವರಿಗೆಲ್ಲ ಸೀರೆಯ ಸೆರಗನ್ನು ಒಂದಿಷ್ಟು ಸರಿಸಿ ಪ್ಲಾಸ್ಟಿಕ್ಕಿನ ಒಳಗಿನ ಉಣ್ಣೆ ತೋರಿಸಿ ಮತ್ತೆ ಮುಚ್ಚುತ್ತಿದ್ದೆ. "ಮ್ಯೂಸಿಯಂದಾಗ ಇಟ್ಟಿದ್ರಂತ ನೋಡ್ರಿ!" ಹುಡುಗಿಯರು ನೆಲದ ಮೇಲೆ ಕೂತು ಗುಗ್ಗರಿ ತಿನ್ನುತ್ತಿದ್ದರು. ಸೋಫಾದಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರಿದ್ದರು. ಕುರ್ಚಿ ಮಾತ್ರ ಖಾಲಿ.

ಅಳಿಯಂದಿರು ಕಾರಿನಲ್ಲಿ ಹೋಗಿ ಬಾಯಾರನ್ನು ಕರೆತಂದರು. ಕೋಲೂರಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಬಂದರು. ಎಲ್ಲರನ್ನೂ "ಬರ್ರಿ, ಬರ್ರಿ" ಎಂದು ಅವರೇ ಸ್ವಾಗತಿಸಿದ್ದಕ್ಕೆ ಮನೆಯೆಲ್ಲ ನಗು. ನಗುತ್ತಲೇ ಬಂದು ಕುರ್ಚಿಯ ಮುಂದೆ ನಿಂತರು. ಸೀರೆಯನ್ನು ಎರಡು ಬೆರಳಲ್ಲಿ ಎತ್ತಿದರು. ಪ್ಲಾಸ್ಟಿಕ್ ನೋಡಿದರು. ಟೇಪು ನೋಡಿದರು. ಸೀರೆಯನ್ನು ಮೊದಲಿದ್ದ ಹಾಗೆಯೇ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಒಂದಕ್ಷರವೂ ತಪ್ಪದೆ ಕೇಳಿದರು:

"ಕೂಡ್ರಲೇನ್ರಿ?"

ಬಿಳಿಯ ಮುದುಕಿಯ ಬಾಯಲ್ಲಿ ಧಾರವಾಡದ ಕಡೆಯ ಕನ್ನಡ ಕೇಳಿ ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಏನು ಮಾಡಿದೆ ಗೊತ್ತೇ? ಕೈ ಅಡ್ಡ ಹಿಡಿದು, "ತಡೀರಿ ಬಾಯಾರ, ತಡೀರಿ" ಎಂದು ಅಡಿಗೆಮನೆಗೆ ಓಡಿ, ಊಟದ ಮೇಜಿನ ಕುರ್ಚಿ ತಂದು ಹಾಕಿದೆ. ಅವರು ಅಯ್ಯೋ ಪಾಪ ಎಂದು ಸವರಿದ್ದರಲ್ಲ, ಅದೇ ಕುರ್ಚಿ.

ಅವರು ಕೂತರು. ಪುಟ್ಟವ್ವನನ್ನು ತೊಡೆಯ ಮೇಲೆ ಇಸಿದುಕೊಂಡರು, ಫ್ರೆಂಚಿನಲ್ಲಿ ಏನೋ ಹಾಡಿದರು, ಹೋಳಿಗೆ ತಿಂದು "ಚಲೋ" ಎಂದರು, ಎರಡನೆಯದಕ್ಕೆ "ಸಾಕು" ಎಂದರು. ಹೋಗುವಾಗ ಬಸುರಿ ಕುರ್ಚಿಯ ಬೆನ್ನನ್ನು ಸೀರೆಯ ಮೇಲಿಂದಲೇ ಒಮ್ಮೆ ತಟ್ಟಿದರು. ಪ್ಲಾಸ್ಟಿಕ್ ಚರಚರ ಎಂದಿತು.

ಮಂದಿ ಹೋದ ಮೇಲೆ ಮಗಳು ಬಾಗಿಲು ಹಾಕಿ ನನ್ನ ಎದುರು ನಿಂತಳು. "ಯವ್ವಾ, ಹಗ್ಗಾ ಕಟ್ಟಿ ಎಬ್ಬಿಸಿದ್ರು ಅಂತ ಹೇಳಿದ್ದರಿಲ್ಲೋ ಅವರು? ಈಗ ಅವರ ಕುರ್ಚಿ ಮ್ಯಾಲೆ ಅವರನ್ನ ಕೂಡ್ರಲಾರದಂಗ ಮಾಡಿದಿ." ಆಗ ನನಗೆ ಹೊಳೆಯಿತು. ಅವರು ನನ್ನನ್ನು ರಟ್ಟೆ ಹಿಡಿದು ಎಬ್ಬಿಸಿ ಕೂರಿಸುತ್ತಿದ್ದರು. ನಾನು ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಅದೂ ಎಲ್ಲರ ಎದುರು, ನಮ್ಮದೇ ಮಾತಿನಲ್ಲಿ ಅಷ್ಟು ಮರ್ಯಾದೆಯಿಂದ ಕೇಳಿದವರನ್ನು. ಟೇಪನ್ನು ಉಗುರಿನಿಂದ ಕಿತ್ತೆ. ಮಗಳನ್ನು ಎಣ್ಣೆ ಮೈಯಲ್ಲೇ ಕೂರಿಸಿದೆ. ಪುಟ್ಟವ್ವ ಅಂದೇ ಅದರ ತೋಳಿನ ಮೇಲೆ ಹಾಲು ಕಕ್ಕಿದಳು.

ಆ ವಾರವೇ ಮಗಳ ಜೊತೆ ಕೇರ್ ಹೋಮಿಗೆ ಹೋದೆ. ಬಾಯಾರು ಕಿಟಕಿಯ ಹತ್ತಿರ ಒಂದು ಎತ್ತರದ ಕುರ್ಚಿಯಲ್ಲಿದ್ದರು. ಒರೆಸಿದರೆ ಸ್ವಚ್ಛವಾಗಲಿ ಎಂದು ಅಲ್ಲಿಯ ಕುರ್ಚಿಗಳಿಗೆಲ್ಲ ರೆಗ್ಜಿನ್ ಹೊದಿಸಿದ್ದಾರೆ. ಅವರು ನಮ್ಮನ್ನು ಕಂಡು ಮುಂದಕ್ಕೆ ಸರಿದಾಗ ಅದು ಚರಚರ ಎಂದಿತು. ಮೂಲೆಯಿಲ್ಲದ ಕುರ್ಚಿಯಲ್ಲಿ ಬೆಳೆದವರು. ಈ ಸದ್ದಿನಿಂದ ಒಂದು ಗಳಿಗೆ ಬಿಡುವು ಸಿಗಲೆಂದು ತೊಟ್ಟಿಲ ದಿನ ಅಷ್ಟು ದೂರ ಬಂದಿದ್ದರೇನೋ. ನಾನು ಗಲ್ಲ ಗಲ್ಲ ಬಡಿದುಕೊಂಡೆ. "ತಪ್ಪಾತ್ರಿ ಬಾಯಾರ, ತಪ್ಪಾತು." ನಾನು ನನ್ನನ್ನೇ ಹೊಡೆದುಕೊಳ್ಳುತ್ತಿದ್ದೇನೆಂದು ಅವರು ಗಾಬರಿಯಾಗಿ ನನ್ನ ಎರಡೂ ಕೈ ಹಿಡಿದುಕೊಂಡರು.

ಬಹಳ ಹೊತ್ತು ಬಿಡಲಿಲ್ಲ. ಹಿಡಿದುಕೊಂಡೇ ಮಗಳಿಗೆ ಏನೋ ಹೇಳಿದರು. ಮಗಳು ನಿಧಾನವಾಗಿ ಹೇಳಿದಳು: "ಅವರ ಅವ್ವಾನೂ ಹಂಗ ಮಾಡಿದ್ಲಂತ, ಬೇ. ಕುರ್ಚಿ ಮನಿಗೆ ಬಂದ ದಿನಾನ ಚಾದರ ಹೊಚ್ಚಿದ್ಲಂತ. ಇವರು ಸಣ್ಣಾಕಿ, ಅವ್ವ ಹೊರಗ ಹೋದಾಗ ಚಾದರ ತಗದು ಕುಂದ್ರತಿದ್ರಂತ. ಒಂದಿನಾ ಸಿಕ್ಕಾರ. ಬೈಲಿಲ್ಲಂತ, ಅವ್ವ ಅತ್ಲಂತ. ಪೆಟ್ಟಿಗಿ ಮ್ಯಾಲೆ ಕುಂತವರಿಗೆ ಹಂಗ ಆಗತೈತಿ ಅಂತಾರ. ಆಕಿ ಸಾಯೂತನಕಾ ಸಮಾಧಾನಾಗಿ ಕೂಡ್ರಲೇ ಇಲ್ಲಂತ. ಅದಕ್ಕ ಕೂಸಿದ್ದ ಮನಿಗೆ ಕೊಟ್ಟಾರಂತ."

ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು. ನನಗೆ ಇನ್ನಷ್ಟು ತಲೆ ತಗ್ಗಿತು. ಆ ತಾಯಿಯ ಹಿಂದೆ ಬಾಂಬು ಬಿದ್ದ ಊರಿತ್ತು. ನನ್ನ ಹಿಂದೆ ಏನಿತ್ತು? ಹತ್ತು ಜನರ ಎದುರು ಸೆರಗು ಸರಿಸಿ ತೋರಿಸುವ ಜಂಬ.

ಮಗಳು ಫೋನಿನಲ್ಲಿ ಫೋಟೋ ತೋರಿಸಿದಳು, ತಾನು ಕುರ್ಚಿಯಲ್ಲಿ ಕೂತು ಪುಟ್ಟವ್ವನಿಗೆ ಹಾಲು ಕುಡಿಸುತ್ತಿದ್ದದ್ದು. ಬಾಯಾರು ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿದರು. ಕೂಸಿನ ಮುಖ ನೋಡುತ್ತಾರೆಂದುಕೊಂಡೆ, ಅದು ನನ್ನ ಮೂಗು ಎಂದು ಹೇಳಲು ಬಾಯಿ ತೆರೆದಿದ್ದೆ. ಅವರು ನೋಡಿದ್ದು ತೋಳಿನ ಮೇಲಿನ ಹಾಲಿನ ಕಲೆಯನ್ನು. ಅದರ ಮೇಲೆ ಬೆರಳಿಟ್ಟು "ಚಲೋ" ಎಂದರು.

ಅವರನ್ನು ಮತ್ತೆ ಮನೆಗೆ ಕರೆತಂದು ಬಸುರಿ ಕುರ್ಚಿಯಲ್ಲಿ ಕೂರಿಸಬೇಕೆಂದು ಬಹಳ ಇತ್ತು. ಒಮ್ಮೆ ಅವರಿಗೆ ಜ್ವರ, ಒಮ್ಮೆ ಪುಟ್ಟವ್ವನಿಗೆ. ನಾನು ಊರಿಗೆ ಹೋಗುವ ದಿನ ಬಂತು. ಹುಬ್ಬಳ್ಳಿಯಲ್ಲಿದ್ದಾಗ ಮಗಳ ಫೋನ್ ಬಂತು. ಪುಟ್ಟವ್ವನಿಗೆ ಹಲ್ಲು ಬಂದ ಸುದ್ದಿ ಮೊದಲು ಹೇಳಿದಳು, ನಾನು ಕುಣಿದಾಡಿದ ಮೇಲೆ ಬಾಯಾರು ಹೋದದ್ದನ್ನು ಹೇಳಿದಳು.

ಈಗ ಮತ್ತೆ ಬಂದಿದ್ದೇನೆ. ಕುರ್ಚಿ ಹಾಲಿನ ಕೆನೆಯ ಬಣ್ಣವಾಗಿ ಉಳಿದಿಲ್ಲ. ಒಂದು ತೋಳಿನಲ್ಲಿ ಅರಿಷಿಣ, ಒಂದು ಕಡೆ ಬಾಳೆಹಣ್ಣು, ಬೆನ್ನಿನ ಮೇಲೆ ಪೆನ್ನಿನ ಗೀರು. ನಾನು ಸುಧಾರಿಸಿದ್ದೇನೆ ಎಂದು ಬರೆಯಬಹುದಿತ್ತು, ಸುಳ್ಳಾಗುತ್ತದೆ. ಮೊನ್ನೆ ಪುಟ್ಟವ್ವ ಹತ್ತಿ ಕೂತದ್ದು ಬೀಟ್ರೂಟ್ ಪಲ್ಯ ತಿಂದ ಕೈಯಲ್ಲಿ. ಚಪ್ಪಾಳೆ ತಟ್ಟುತ್ತಿದ್ದ ನನಗೆ ಆ ಕೆಂಪು ಅಂಗೈಗಳು ಆಮೇಲೆ ಕಂಡವು. ಅವಳು ಅವುಗಳನ್ನು ಉಣ್ಣೆಯ ಮೇಲೆ ನಿಧಾನವಾಗಿ, ಪ್ರೀತಿಯಿಂದ ಆಡಿಸುತ್ತಿದ್ದಳು. ಬ್ಯಾಡ ಎನ್ನುವ ಮಾತು ಗಂಟಲಿಗೆ ಬಂತು. ಅದನ್ನು ನುಂಗಿ ಸೀದಾ ಅಡಿಗೆಮನೆಗೆ ಹೋಗಿ ಗ್ಯಾಸಿನ ಮುಂದೆ ನಿಂತುಕೊಂಡೆ.

"ಯವ್ವಾ, ಕೂಸು ಇಷ್ಟ ಚಂದ ಕುಂತೈತಿ, ಒಳಗ್ಯಾಕ ಓಡಿದಿ?" ಎಂದು ಮಗಳು ಕೂಗಿದಳು.

"ಹಾಲು ಉಕ್ಕತಾವವ್ವಾ" ಎಂದೆ.

ಒಲೆಯ ಮೇಲೆ ಏನೂ ಇರಲಿಲ್ಲ.